ಎರಡು ಲೋಟ ಥಂಡಾಯಿ

ರಬಕವಿಯ ಹೆರಿಗೆ ಆಸ್ಪತ್ರೆಯೊಂದರ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಇಬ್ಬರು ನೆಗೆಣ್ಣಿಯರು ಕುಳಿತಿದ್ದರು. ಕಿರಿಯವಳ ಕೈಯಲ್ಲಿ ಪರೀಕ್ಷೆಯ ಚೀಟಿಯಿತ್ತು.

“ಎರಡು ತಿಂಗಳಂತ ಅಕ್ಕಾ. ಹಂಗಂದ್ರ ರಂಗಪಂಚಮಿ ದಿನಾನೂ ಕೂಸು ಹೊಟ್ಟ್ಯಾಗ ಇತ್ತು.”

“ಅವತ್ತ ಭಂಗಿ ಹಾಕಿದ ಥಂಡಾಯಿ ಕುಡದಿ.”

“ಎರಡು ಲೋಟ. ಮುಟ್ಟು ತಡಾ ಆಗಿದ್ದು ಖರೆ. ಮನ್ಯಾಗಿನ ಪೂಜಿ ಸಲುವಾಗಿ ಮುಟ್ಟು ಮುಂದ ಹಾಕೋ ಗುಳಿಗಿ ನುಂಗಿದ್ನಲ್ಲಾ, ಅದಕ್ಕ ತಡಾ ಆಗೇತಿ ಅನ್ಕೊಂಡೆ.”

“ಗುಳಿಗಿ ತಂದುಕೊಟ್ಟಾಕಿ ನಾನ. ಭಂಗಿ ಅರದಾಕಿನೂ ನಾನ. ನೀ ಒಂದ ಲೋಟ ಸಾಕಂದ್ರ, ಅಂಜುಬುರುಕಿ ಅಂತ ನಕ್ಕಾಕಿನೂ ನಾನ.”

“ಕೂಸಿಗೆ ಏನರ ಆದ್ರ?”

“ಡಾಕ್ಟರಮ್ಮಗ ಎಲ್ಲಾ ಹೇಳಿ ಕೇಳು.”

“ಅತ್ತಿಯವರಿಗೆ ಗೊತ್ತಾದ್ರ ಏನಂತಾರ?”

“ಏನಂತಾರ? ಅವರೂ ಅವತ್ತ ಒಂದ ಲೋಟ ಏರಿಸಿ ಮನ್ಯಾಗಿನ ಮಗ್ಗಕ್ಕ ಜೋಗುಳ ಹಾಡಿದ್ರಲ್ಲ!”

ಕಿರಿಯವಳು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ರೇಷ್ಮಾ ಯಾರ್ರೀ?” ನರ್ಸು ಕೂಗಿದಳು.

“ಅಕ್ಕಾ, ನೀವ ಹೇಳ್ರಿ. ನನಗ ಬಾಯಿ ಬರೂದಿಲ್ಲ.”

“ಕುಡದದ್ದು ನೀ ಹೇಳು. ಕುಡಿಸಿದಾಕಿ ಯಾರಂತ ನಾ ಹೇಳತೀನಿ.”

ಹಿರಿಯವಳು ಚಪ್ಪಲಿ ಬಿಟ್ಟು, ತಾನೇ ಮೊದಲು ಒಳಗೆ ಹೋದಳು.