ರಕ್ತ ಪರೀಕ್ಷಾ ಕೇಂದ್ರದ ತಂತಿಯಲ್ಲಿ ದೋಷವಿಲ್ಲವೆಂಬ ಬಗ್ಗೆ

ತಂತಿ ಮಾವ ಎಂದು ಎಲ್ಲರೂ ಕರೆಯುವ ನಾನು, ವಯಸ್ಸು 68 ವರ್ಷ, ಕೆಲಸ ಮೊದಲು ರೇಡಿಯೋ ರಿಪೇರಿ, ಈಗ ಕಂಪ್ಯೂಟರ್ ರಿಪೇರಿ (ಯಾವ ಶಾಲೆಯಲ್ಲೂ ಕಲಿತದ್ದಲ್ಲ, ಬಿಚ್ಚಿ ಜೋಡಿಸಿ ಕಲಿತದ್ದು), ವಾಸ ಅಂಚೆ ಕಚೇರಿಯ ಹಿಂದಿನ ಬೀದಿ, ಹೊಲಿಗೆ ಅಂಗಡಿಯ ಮೇಲಿನ ಮಹಡಿ, ಠಾಣೆಗೆ ತಾನಾಗಿ ಬಂದು ಬರೆಸುತ್ತಿರುವುದೇನೆಂದರೆ:

ರಕ್ತ ಪರೀಕ್ಷಾ ಕೇಂದ್ರಕ್ಕೆ ಕಂಪ್ಯೂಟರ್ ತಂತಿ ಎಳೆದವಳು ನನ್ನ ತಂಗಿಯ ಮಗಳು, ಅಂದರೆ ಸೋದರ ಸೊಸೆ, ವಯಸ್ಸು 26. ಅದು ಅವಳು ಸ್ವಂತವಾಗಿ ಹಿಡಿದ ಮೊದಲ ದೊಡ್ಡ ಕೆಲಸ. ಅಲ್ಲಿ ನಾಲ್ಕು ಕೌಂಟರುಗಳಿವೆ. ನಾಲ್ಕೂ ಕಂಪ್ಯೂಟರುಗಳು ಹಿಂದಿನ ಕೋಣೆಯಲ್ಲಿರುವ ಸರ್ವರ್ ಎಂಬ ದೊಡ್ಡ ಕಂಪ್ಯೂಟರಿನಿಂದ ಮಾಹಿತಿ ಪಡೆಯುತ್ತವೆ. ಪುಸ್ತಕದ ಬದಲು ಕಂಪ್ಯೂಟರ್ ಶುರುವಾದಾಗಿನಿಂದ, ಅಂದರೆ ಹನ್ನೊಂದು ದಿನಗಳಿಂದ, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಕೌಂಟರುಗಳ ಪ್ರೋಗ್ರಾಂ ‘ನೆಟ್‌ವರ್ಕ್ ದೋಷ’ ಎಂದು ತೋರಿಸಿ ತಾನೇ ಮುಚ್ಚಿಕೊಳ್ಳುತ್ತಿತ್ತು. ನನ್ನ ಸೊಸೆ ಬೇಕೆಂದೇ ತಂತಿ ಸಡಿಲ ಮಾಡಿದ್ದಾಳೆಂದು ಕೇಂದ್ರದ ಮ್ಯಾನೇಜರ್ 14ನೇ ತಾರೀಖು ಸೋಮವಾರ ದೂರು ಕೊಟ್ಟರು. ಅವಳ ಲೈಸೆನ್ಸ್ ಕಾರ್ಡು, ಸಲಕರಣೆ ಚೀಲ ಎರಡನ್ನೂ ಠಾಣೆಯಲ್ಲಿ ಇಟ್ಟುಕೊಂಡು, ವಿಚಾರಣೆ ಮುಗಿಯುವವರೆಗೆ ಎಲ್ಲೂ ಕೆಲಸ ಮಾಡಕೂಡದೆಂದು ಹೇಳಲಾಯಿತು. ಆ ದಿನ ಮನೆಗೆ ಬಂದು ಅವಳು ಊಟ ಮಾಡಲಿಲ್ಲ.

ಮರುದಿನ ಮಂಗಳವಾರ ಬೆಳಿಗ್ಗೆ 9.00ಕ್ಕೆ ನಾನು ಕೇಂದ್ರಕ್ಕೆ ಹೋದೆನು. ಮ್ಯಾನೇಜರ್ ನನ್ನನ್ನು ನೋಡಿ, “ಸೊಸೆ ಕೆಡಿಸಿದ್ದನ್ನ ಮಾವ ಮುಚ್ಚಿ ಹಾಕೋಕೆ ಬಂದ್ರಾ?” ಎಂದರು. ಮುಚ್ಚೋದಿಲ್ಲ, ನೀವೇ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತುಕೊಳ್ಳಿ ಎಂದು ಹೇಳಿದೆನು. 62 ಮೀಟರ್ ತಂತಿಯನ್ನು ಮೊಣಕಾಲೂರಿ ಮೊದಲಿಂದ ಕೊನೆಯವರೆಗೆ ನೋಡಿದೆನು. ಸತ್ಯ ಹೇಳಬೇಕೆಂದರೆ, ತಪ್ಪು ಸಿಗುತ್ತದೆ ಎಂಬ ಅಂಜಿಕೆಯಲ್ಲೇ ನೋಡಿದೆನು. ಸಿಕ್ಕಿದ್ದು ತಂತಿಯ ತುದಿಗೆ ತಲೆಕೆಳಗಾಗಿ ಅಂಟಿಸಿದ ಒಂದು ನಂಬರ್ ಚೀಟಿ ಮಾತ್ರ.

ಬುಧವಾರ ಬೆಳಿಗ್ಗೆ 10.43ಕ್ಕೆ ಪ್ರೋಗ್ರಾಂ ಮತ್ತೆ ಮುಚ್ಚಿಕೊಂಡಿತು. ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿ ಕೂತಿದ್ದ ಮೂವತ್ತೊಂದು ಜನ ಗೊಣಗತೊಡಗಿದರು. ನಾನು ಅದೇ ಗಳಿಗೆಯಲ್ಲಿ ಎರಡನೇ ಕೌಂಟರಿನಿಂದ ಅದೇ ತಂತಿಯ ಮೂಲಕ ಸಂದೇಶ ಕಳಿಸಿ ಸರ್ವರನ್ನು ನೂರು ಬಾರಿ ಕೂಗಿ ನೋಡಿದೆನು. ನೂರು ಬಾರಿಯೂ ಓಗೊಟ್ಟಿತು, ಅಂದರೆ ತಂತಿ ಸರಿಯಾಗಿಯೇ ಇತ್ತು. ಪ್ರೋಗ್ರಾಂ ಮಾಡಿಕೊಟ್ಟ ಕಂಪನಿಯ ಇಂಜಿನಿಯರಿಗೆ ಫೋನಿನಲ್ಲಿ ಇದನ್ನು ತಿಳಿಸಲಾಗಿ, ಅವರು, “ತಾತ, ನಮ್ಮ ಪ್ರೋಗ್ರಾಂ ಬಂಡೆ ಇದ್ದ ಹಾಗಿದೆ, ನೀವು ತಂತಿ ನೋಡ್ಕೊಳ್ಳಿ” ಎಂದರು. ಆಗ ನಾನು ಕೌಂಟರಿನ ಪ್ರೋಗ್ರಾಮನ್ನು ಸರ್ವರ್ ಕಂಪ್ಯೂಟರಿನಲ್ಲೇ ತೆರೆದು ಒಂದು ಸರದಿ ಸಂಖ್ಯೆ ಕೇಳಿದೆನು. ಅಲ್ಲಿ ಅದು ತನ್ನೊಂದಿಗೆ ತಾನೇ ಮಾತಾಡಬೇಕು, ನಡುವೆ ಒಂದು ಗೇಣು ತಂತಿಯೂ ಬೇಕಿಲ್ಲ. ಮೂವತ್ತು ಸೆಕೆಂಡಿಗೆ ‘ನೆಟ್‌ವರ್ಕ್ ದೋಷ’ ಎಂದು ಮುಚ್ಚಿಕೊಂಡಿತು. ಫೋನಿನಲ್ಲೇ ಇದ್ದ ಇಂಜಿನಿಯರಿಗೆ, “ಸ್ವಾಮಿ, ಇಲ್ಲಿ ತಂತಿಯೇ ಇಲ್ಲ, ಈಗ ಯಾರನ್ನ ಬೈತೀರಿ?” ಎಂದು ಕೇಳಿದೆನು.

11.02ಕ್ಕೆ ಒಂದನೇ ಕೌಂಟರಿನ ಹಿರಿಯ ಗುಮಾಸ್ತೆ ಚಹಾ ಕುಡಿದು ಬಂದರು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಾರೆ. ಅವರು ಕೂತು ಒಂದು ಗುಂಡಿ ಒತ್ತಿದ ಕೂಡಲೇ ಎಲ್ಲ ಕೌಂಟರುಗಳೂ ಸರಿಯಾದವು. ಏನು ಒತ್ತಿದಿರಿ ಎಂದು ವಿಚಾರಿಸಲಾಗಿ, ಅವರು, “ಇವತ್ತಿನ ಸರದಿ ಪಟ್ಟಿ ತಿದ್ದೋಕೆ ತೆರೆದಿಟ್ಟು ಹೋಗಿದ್ದೆ, ಈಗ ಮುಚ್ಚಿದೆ. ದೊಡ್ಡ ಪುಸ್ತಕದ ಕಾಲದಲ್ಲೂ ಪುಟದ ಮೇಲೆ ನನ್ನ ಪೆನ್ನು ಇಟ್ಟೇ ಚಹಾಕ್ಕೆ ಹೋಗ್ತಿದ್ದೆ. ಪೆನ್ನು ಇದ್ರೆ ಯಾರೂ ಗೀಚಲ್ಲ. ಇಪ್ಪತ್ತೆರಡು ವರ್ಷದಿಂದ ಹಾಗೇ” ಎಂದರು.

ಹೊಸಬರಿಗೆ ಸರದಿ ಸಂಖ್ಯೆ ಕೊಡಬೇಕಾದರೆ ಪ್ರತಿ ಕೌಂಟರೂ ಅದೇ ಪಟ್ಟಿಯಲ್ಲಿ ಬರೆಯಬೇಕು. ಅಕ್ಕ ಪಟ್ಟಿ ಹಿಡಿದಿಟ್ಟರೆ ಉಳಿದವರ ಪ್ರೋಗ್ರಾಂ ಮೂವತ್ತು ಸೆಕೆಂಡು ಕಾಯುತ್ತದೆ. ಆಮೇಲೆ ‘ಬೇರೆಯವರ ಕೈಯಲ್ಲಿದೆ’ ಎನ್ನುವ ಬದಲು ‘ನೆಟ್‌ವರ್ಕ್ ದೋಷ’ ಎಂದು ಸುಳ್ಳು ಹೇಳಿ ಮುಚ್ಚಿಕೊಳ್ಳುತ್ತದೆ.

ಈ ದಿನ ಗುರುವಾರ 9.30ಕ್ಕೆ ಮ್ಯಾನೇಜರ್ ಎದುರಿನಲ್ಲಿ ಅಕ್ಕ ಪಟ್ಟಿ ತೆರೆದಿಟ್ಟರು, ಉಳಿದ ಕೌಂಟರುಗಳೆಲ್ಲ ಮುಚ್ಚಿಕೊಂಡವು. ಬಿಟ್ಟರು, ಎಲ್ಲ ನಡೆದವು. ಹೀಗೆ ಮೂರು ಬಾರಿ. ಮೂರನೇ ಬಾರಿ ಮೂರನೇ ಕೌಂಟರಿನಾಕೆ ಗಡಿಯಾರ ನೋಡಿಕೊಂಡು, “ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಬಿತ್ತು!” ಎಂದು ಕೂಗಿದರು. ಸಾಲಿನಲ್ಲಿ ನಿಂತವರೂ ಚಪ್ಪಾಳೆ ತಟ್ಟಿದರು. ಚಹಾದ ಹೊತ್ತಾದಾಗ ಅಕ್ಕ ಪಟ್ಟಿ ಮುಚ್ಚಿ ಹೋದರು. 10.40ರಿಂದ 11.00ರವರೆಗೆ ಒಂದು ಕೌಂಟರೂ ನಿಲ್ಲಲಿಲ್ಲ. ಇಂಜಿನಿಯರು ಪ್ರೋಗ್ರಾಂ ತಿದ್ದಿಕೊಡುವುದಾಗಿ ಒಪ್ಪಿ ಪತ್ರ ಕಳಿಸಿದ್ದಾರೆ, ಲಗತ್ತಿಸಿದೆ. ಅಕ್ಕನದು ಅಭ್ಯಾಸವೇ ಹೊರತು ಅಪರಾಧವಲ್ಲ, ಅವರ ಮೇಲೆ ನನ್ನ ದೂರಿಲ್ಲ.

ಮ್ಯಾನೇಜರ್ ನನ್ನ ಜೊತೆಯಲ್ಲೇ ಬಂದು ದೂರು ಹಿಂಪಡೆದಿದ್ದಾರೆ. ಸೊಸೆಗೆ ಕಾರ್ಡು, ಚೀಲ ಕೊಟ್ಟಾಗಿದೆ. ಅವಳು ಬಾಗಿಲಲ್ಲಿ ನಿಂತು, “ಮಾವಾ, ಬೇಗ ಮುಗಿಸು. ಎರಡು ಗಂಟೆಗೆ ಶಾಲೆಯವರು ತಂತಿ ಎಳೆಯೋಕೆ ಕರೆದಿದ್ದಾರೆ” ಎನ್ನುತ್ತಿದ್ದಾಳೆ.

ಬರೆದದ್ದನ್ನು ಓದಿಸಿ ಕೇಳಿದೆನು. ಎಲ್ಲವೂ ನಾನು ಕಣ್ಣಾರೆ ಕಂಡು, ಬಾಯಾರೆ ಹೇಳಿದ್ದೇ ಆಗಿದೆ. ಒಂದು ಮಾತನ್ನು ಮಾತ್ರ ಕೇಳಿಕೊಂಡು ಸೇರಿಸಿ ಬರೆಸಿದ್ದೇನೆ: ದೂರಿನ ಎರಡನೇ ಸಾಲಿನಲ್ಲಿ ‘ಕೆಲಸ ಬಾರದ ಹುಡುಗಿ’ ಎಂದಿರುವುದನ್ನು ಹೊಡೆದು ಹಾಕಬೇಕು. ಮ್ಯಾನೇಜರ್ ನನ್ನ ಪೆನ್ನು ಇಸಿದುಕೊಂಡು ತಾವೇ ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಮಾಡಿದರು.

ಸ್ಥಳ: ಠಾಣೆಯ ಮುಂದಿನ ಕೋಣೆ
17ನೇ ತಾರೀಖು, ಗುರುವಾರ, ಮಧ್ಯಾಹ್ನ 12.50
ಹೇಳಿಕೆ ಕೊಟ್ಟವರ ಸಹಿ: ಇದೆ