ಗೋಡೆ ಕೊರೆಯಬೇಕಿಲ್ಲದ ಮೆಷಿನ್

ಕ್ವೀನ್ಸ್ ಬಡಾವಣೆಯ ಗೃಹೋಪಕರಣಗಳ ಅಂಗಡಿಗೆ ಫ್ರಿಜ್ಜಿನ ಬಾಗಿಲಿನ ರಬ್ಬರ್ ಪಟ್ಟಿ ಕೊಳ್ಳಲು ಬಂದಿದ್ದ ಐರಿಸ್‌ಗೆ, ಮುಂದೆ ನಿಂತಿದ್ದ ವಯಸ್ಸಾದ ಗಂಡ ಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಒಗೆಯೋದು, ಒಣಗಿಸೋದು ಎರಡೂ ಇದರಲ್ಲೇ,” ಎಂದ ಅಂಗಡಿಯವನು, ಒಂದು ವಾಷಿಂಗ್ ಮೆಷಿನ್ ತೋರಿಸುತ್ತ. “ಬಿಸಿಗಾಳಿ ಆಚೆ ಹೋಗೋಕೆ ಗೋಡೆ ಕೊರೆಯೋದು ಬೇಡ. ಮನೆಯ ಮಾಮೂಲಿ ಪ್ಲಗ್ಗೇ ಸಾಕು. ಒಣಗೋಕೆ ಮಾತ್ರ ನಾಲ್ಕು ಗಂಟೆ ಹಿಡಿಯುತ್ತೆ.”

“ನಾಲ್ಕು ಗಂಟೆನಾ!” ಗಂಡ ಮೂಗು ಮುರಿದ. “ರಾಸ್ಲಿನ್, ನೆಲಮಾಳಿಗೇಲಿ ಎಲ್ಲರಿಗೂ ಅಂತ ಇರೋ ಮೆಷಿನ್‌ಗೆ ಏನಾಗಿದೆ?”

“ಇಡೀ ಬಿಲ್ಡಿಂಗಿನವರ ಕೊಳೆ ಅದರಲ್ಲಿದೆ, ಮಿಲ್ಟನ್. ನಿನ್ನೆ ದಿಂಬಿನ ಕವರ್ ಒಳಗೆ ಯಾರದೋ ಕಾಲಿನ ಉಗುರು ಸಿಕ್ತು. ಬೆಳಿಗ್ಗೆ ನೀನು ಮುಖ ಒರೆಸ್ಕೊಂಡ ಟವೆಲ್ ತುಂಬ ನಾಯಿ ಕೂದಲು.”

“ಥೂ! ಮೊದಲೇ ಹೇಳೋದಲ್ವಾ?”

“ಎಷ್ಟು ವರ್ಷದಿಂದ ಬಡ್ಕೋತಿದೀನಿ ಮಾರಾಯ!”

ಅಂಗಡಿಯವನು ಗಂಟಲು ಸರಿಮಾಡಿಕೊಂಡ. “ಮನೆಯೊಳಗೆ ಮೆಷಿನ್ ಇಡೋಕೆ ನಿಮ್ಮ ಬಿಲ್ಡಿಂಗ್ ಕಮಿಟಿ ಒಪ್ಪುತ್ತಾ ಮೇಡಂ?”

“ಇವರನ್ನೇ ಕೇಳಿ. ಇಡಬಾರದು ಅಂತ ರೂಲ್ಸ್ ಮಾಡಿದ ಅಧ್ಯಕ್ಷರು ಇವರೇ.”

“ಆಗ ಮೇಲಿನ ಮನೆಯವರ ಮೆಷಿನ್ ಸೋರಿ ನಮ್ಮ ಪಿಯಾನೊ ಹಾಳಾಗಿತ್ತು ಕಣೇ...”

“ಪಿಯಾನೊ ಮೇಲಿದ್ದ ಕಾಳಜಿ ನನ್ನ ಮೇಲಿಲ್ಲ. ಆ ರೂಲ್ಸ್ ಬದಲಾಯಿಸೋ ತನಕ ಬಟ್ಟೆ ಒಗೆಯೋದು ನಿನ್ನ ಕೆಲಸ. ನಡಿ.”

ರಾಸ್ಲಿನ್ ಚೀಲ ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟಳು. ಮಿಲ್ಟನ್ ಹಿಂದೆಯೇ ಓಡಿದ. ಬಾಗಿಲು ಮುಚ್ಚಿಕೊಳ್ಳುವ ಮುನ್ನ ಅವನು ಮೆಲ್ಲಗೆ ಅಂದದ್ದು ಐರಿಸ್‌ಗೂ ಕೇಳಿಸಿತು:

“ಅಲ್ಲ, ನೆಲಮಾಳಿಗೆಗೆ ಹೋಗೋಕೆ ಲಿಫ್ಟಲ್ಲಿ ಯಾವ ಬಟನ್ ಒತ್ತಬೇಕು?”