ಮಗುವಿನ ಮೈಗೆ ಹಚ್ಚೋ ಪುಡಿ

...ಅಲ್ಲ ಕಣೇ ವಾಣಿ, ಜರಡೀನ ಹಾಗೆ ಕುಕ್ಕಬೇಡ. ಮೆಲ್ಲಗೆ ಆಡಿಸು. ಎಳೇ ಮೈಗೆ ಹಚ್ಚೋದು, ಒಂದು ತರಿ ಉಳಿದ್ರೂ ಗೀರತ್ತೆ. ಹ್ಞಾ... ಹಾಗೆ. ಯಾಕೆ ನಗ್ತೀಯ? ಅಕ್ಕ ಈಗ್ಲೂ ಪಾಠ ಹೇಳ್ತಾಳೆ ಅಂತಾನಾ? ನಗು, ನಗು.

ಬೇಸಿಗೇಲಿ ಮಾಡಿಟ್ಟಿದ್ದ ಪುಡಿ ಬಾಣಂತನದಲ್ಲೇ ಖಾಲಿ ಆಯ್ತು. ಇಂಚರಾ ಮಲ್ಲೇಶ್ವರಕ್ಕೆ, ಗಂಡನ ಮನೆಗೆ ಹೋದ್ಮೇಲೆ ಒಂದೇ ಹಟ. "ಅಮ್ಮಾ, ನಂಗೆ ಸೋಪು ಬೇಡ, ನೀನೇ ಮಾಡ್ಕೊಡು." ಮಗಳು ಕೇಳಿದ್ರೆ ಇಲ್ಲ ಅನ್ನಕ್ಕಾಗತ್ತಾ? ಇನ್ನೇನು ಅಳಿಯಂದ್ರು ಲಿಖಿತ್ ಬರ್ತಾರೆ, ತಗೊಂಡು ಹೋಗಕ್ಕೆ.

ಏನೇನು ಹಾಕಿದೀಯಾ ಅಂತೀಯಾ? ಅದೇ, ಅಮ್ಮ ಹಾಕ್ತಿದ್ದಿದ್ದೇ. ಹೆಸರುಕಾಳು, ಕಡಲೆಬೇಳೆ, ಕಸ್ತೂರಿ ಅರಿಶಿನ, ಕಚೋರ. ಗಾಂಧಿ ಬಜಾರಲ್ಲಿ ಗ್ರಂಥಿಗೆ ಅಂಗಡಿ ಶೀನಣ್ಣ ಕೊಟ್ಟ. ಗುಲಾಬಿ ಪಕಳೆ ಮಾರ್ಕೆಟ್‌ದು. ಬಿಸಿಲೆಲ್ಲಿತ್ತೇ, ವಾರವೆಲ್ಲಾ ಮೋಡ... ರೂಮಲ್ಲಿ ಫ್ಯಾನ್ ಕೆಳಗೆ ಹರಡಿದ್ದೆ. ಒಣಗಿತ್ತು. ಮುಟ್ಟಿದ್ರೆ ಗರಿಗರಿ ಅಂತಿತ್ತು... ಅಂದ್ಕೊಂಡೆ. ಮಿಲ್ಲಿಗೆ ಕೊಟ್ಟೆ, ಆಯ್ತು.

ತಗೋ, ಮೂಸಿ ನೋಡು. ಅಮ್ಮನ ಪುಡಿ ಥರಾನೇ ಘಮ್ ಅಂತಿದೆ, ಅಲ್ವಾ?

ಅಲ್ವಾ?

ಯಾಕೆ ಡಬ್ಬಿ ಮುಚ್ಬಿಟ್ಟೆ?

ಏನಾಯ್ತು... ಕಚೋರ ಜಾಸ್ತಿ ಆಯ್ತಾ? ಹೇಳೇ. ಹಾಗ್ಯಾಕೆ ನೋಡ್ತೀಯ? ಡಬ್ಬೀನೂ ನೋಡ್ತೀಯ, ನನ್ನ ಮುಖಾನೂ ನೋಡ್ತೀಯ... ಮುಗ್ಗಲಾ? ಮುಗ್ಗಲು ವಾಸನೆನಾ ವಾಣಿ? ತುಂಬಾನಾ?

ಹ್ಞೂಂ.

ಪಕಳೆ ಒಳಗೊಳಗೇ ಹಸಿ ಇತ್ತೇನೋ. ಬೂಷ್ಟು ಹಿಡಿದಿರ್ಬೇಕು. ಇದನ್ನ ಮಗೂಗೆ ಹಚ್ಚಿದ್ರೆ ಮೈಯೆಲ್ಲಾ ಗುಳ್ಳೆ ಏಳ್ತಿತ್ತು. ಕೊಡು ಇಲ್ಲಿ. ಕೊಡು ಅಂದೆ. ಕಸದ ಬಕೆಟ್ಟಿಗೆ ಸುರೀತೀನಿ... ನೋಡು, ಎಲ್ಲಾ ಸುರಿದೆ. ಆಯ್ತು.

ಅಯ್ಯೋ, ಹಾಗೆ ನೋಡ್ತಾ ಕೂರಬೇಡ್ವೇ. ನಂಗ್ಯಾಕೆ ಗೊತ್ತಾಗ್ಲಿಲ್ಲ ಅಂತ ತಾನೇ?

...ಗೊತ್ತಾಗಲ್ಲ ಕಣೇ. ನಂಗೆ ವಾಸನೆ ಗೊತ್ತಾಗಲ್ಲ. ಇಂಚರಾ ಹೆರಿಗೆಗೆ ಮುಂಚೆ ಜ್ವರ ಬಂದಿತ್ತಲ್ಲ, ಆವಾಗಿಂದ. ಮೊದಲು ನೆಗಡಿ ಅಂದ್ಕೊಂಡೆ. ನೆಗಡಿ ಹೋಯ್ತು, ಅದು ಬರ್ಲಿಲ್ಲ. ಕಾಫಿ ಬಿಸಿನೀರಿನ ಹಾಗಿದೆ. ಒಂದಿನ ಹಾಲು ಸೀದು ಮನೆಯೆಲ್ಲಾ ಹೊಗೆ, ನಾನು ಪಕ್ಕದಲ್ಲೇ ನಿಂತು ಸೊಪ್ಪು ಬಿಡಿಸ್ತಿದ್ದೆ. ಡಾಕ್ಟ್ರು ವಾಸನೆ ವಾಪಸ್ ಬರಬಹುದು ಅಂದ್ರು, ಬರದೇನೂ ಇರಬಹುದು ಅಂದ್ರು.

ಯಾರಿಗೆ ಹೇಳ್ಲಿ? ಇಂಚರಾಗೆ ಹೇಳಿದ್ರೆ ಬಾಣಂತನಕ್ಕೆ ಇಲ್ಲಿಗೆ ಬರ್ತಿದ್ಲಾ? "ಅಮ್ಮಂಗೆ ಗ್ಯಾಸ್ ಲೀಕ್ ಆದ್ರೂ ಗೊತ್ತಾಗಲ್ಲ" ಅಂತ ಅವರತ್ತೇನೇ ಇಟ್ಕೊಂಡ್ಬಿಡೋರು. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ. ದಿನಾ ಎರೀತಿದ್ದೆ. ಧೂಪ ಹಾಕ್ತಿದ್ದೆ. ಬಂದೋರೆಲ್ಲಾ ಮಗೂನ ಎತ್ಕೊಂಡು ನೆತ್ತಿ ಮೂಸಿ "ಆಹಾ" ಅನ್ನೋರು. ನಾನೂ ಮೂಸ್ತಿದ್ದೆ. ನಾನೂ ಆಹಾ ಅಂತಿದ್ದೆ. ಏನೂ ಇರ್ಲಿಲ್ಲ ವಾಣಿ. ಗಾಳಿ. ಬರೀ ಗಾಳಿ.

ನೀನ್ಯಾಕೆ ಅಳ್ತೀಯ? ನಂಗೇ ಬರ್ತಿಲ್ಲ ಅಳು.

ಬೆಲ್ಲು... ಲಿಖಿತ್ ಬಂದ್ರು ಅನ್ಸತ್ತೆ. ಇರು, ಏಳಬೇಡ. ಮಿಲ್ಲು ಮುಚ್ಚಿತ್ತು, ಪುಡಿ ಆಗಿಲ್ಲ ಅಂತ... ಬೇಡ. ಇದ್ದದ್ದನ್ನೇ ಹೇಳ್ತೀನಿ. ನಾನೇ ಹೇಳ್ತೀನಿ. ಇನ್ನು ಮುಚ್ಚಿಟ್ರೆ ಆ ಕೂಸಿಗೇ ಏನಾದ್ರೂ ಆಗತ್ತೆ.

ಬಂದೇ, ಒಂದ್ನಿಮಿಷ ಲಿಖಿತ್!

ವಾಣಿ... ನಾಮಕರಣದಲ್ಲಿ ನೀನೂ ಮಗೂನ ಎತ್ಕೊಂಡು ನೆತ್ತಿ ಮೂಸಿದ್ಯಲ್ಲ, ತುಂಬಾ ಹೊತ್ತು. ಬಾಗಿಲು ತೆಗೆಯೋಕ್ಮುಂಚೆ ಒಂದು ಹೇಳು.

ಹೇಗಿತ್ತೇ?